ಮೀಟಪ್‌ಗೆ ಹೋದರೆ ಬ್ಯಾಕೆಂಡ್ ಕಲಿಯೋಕಾಗುತ್ತಾ?

ಕಲ್ಪತರು_ನಾಡು:
ನಮಸ್ಕಾರ. ಬಿ.ಕಾಂ. ಓದಿ ತಿಪಟೂರಲ್ಲಿ ಕೊಬ್ಬರಿ ಮಂಡಿ ಲೆಕ್ಕ ಬರೀತೀನಿ. ಎಚ್‌ಟಿಎಂಎಲ್, ಸಿಎಸ್ಎಸ್ ಬರುತ್ತೆ. ಈಗ ಬ್ಯಾಕೆಂಡ್, ಅಂದ್ರೆ ಪೇಜಿನ ಹಿಂದೆ ಸರ್ವರ್‌ನಲ್ಲಿ ನಡೆಯೋ ಭಾಗ, ಕಲೀತಿದೀನಿ. ರೈತರ ಹೆಸರು, ಚೀಲ, ತೂಕ, ರೇಟು ತುಂಬೋ ಫಾರ್ಮ್ ಒಂದನ್ನ ಫ್ಲಾಸ್ಕ್‌ನಲ್ಲಿ (ಪೈಥಾನ್ ಭಾಷೇಲಿ ವೆಬ್‌ಸೈಟ್ ಕಟ್ಟೋ ಸಾಧನ) ಮಾಡ್ತಿದೀನಿ. ಬೆಂಗಳೂರಲ್ಲಿ ಒಂದು ಪೈಥಾನ್ ಮೀಟಪ್‌ಗೆ ಹೋಗಿದ್ದೆ. ಅಸಿಂಕ್ ಅಂತ ಏನೋ ಹೇಳಿದ್ರು, ತಲೆಬುಡ ಗೊತ್ತಾಗಲಿಲ್ಲ. ಟ್ರೇನ್ ಚಾರ್ಜು ದಂಡ ಅನ್ನಿಸ್ತು. ನನ್ನಂಥವರು ಇಂಥ ಕಡೆ ಹೋಗಬೇಕಾ?
ಇನ್ನೊಂದು: ಪೇಜ್ ರಿಫ್ರೆಶ್ ಮಾಡಿದ್ರೆ ಒಂದೇ ಲಾಟು ಎರಡು ಸಲ ಸೇವ್ ಆಗುತ್ತೆ. ಯಾಕೆ?

ಕುಡ್ಲದಕ್ಕ:
ನಿಮ್ಮ ಕಡೇ ಎರಡು ಸಾಲು ಇದೆಯಲ್ಲ, ಅದನ್ನ ಮೀಟಪ್‌ನಲ್ಲಿ ಕೇಳಿದ್ರಾ? ಇಲ್ಲ ಅಂತ ಕಾಣುತ್ತೆ. ಭಾಷಣ ಅರ್ಥ ಆಗದಿದ್ರೆ ಬಿಡಿ, ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಆಗಿರಲ್ಲ. ಕೆಲಸ ಆಗೋದು ಟೀ ಬ್ರೇಕಲ್ಲಿ. ಲ್ಯಾಪ್‌ಟಾಪ್ ತೆರೆದು "ಇದು ಎರಡು ಸಲ ಸೇವ್ ಆಗ್ತಿದೆ" ಅಂದ್ರೆ ನಾಲ್ಕು ಜನ ಬಗ್ಗಿ ನೋಡ್ತಾರೆ. "ಬ್ಯಾಕೆಂಡ್ ಹೇಗೆ ಕಲೀಲಿ?" ಅಂದ್ರೆ ಒಬ್ಬೊಬ್ಬರು ಒಂದೊಂದು ಕೋರ್ಸ್ ಹೆಸರು ಹೇಳಿ ಕೈ ತೊಳ್ಕೋತಾರೆ.

ಬ್ಯಾಂಗ್‌ಪೈಪರ್ಸ್ ಅಂತ ಬೆಂಗಳೂರಿನ ಪೈಥಾನ್ ಗುಂಪು ಇದೆ, ಹಳೇದು. ಮೊದಲನೇ ಪೈಕಾನ್ ಇಂಡಿಯಾ (ಪೈಥಾನ್ ಬಳಸೋರ ಸಮ್ಮೇಳನ) ಕೂಡ 2009ರಲ್ಲಿ ಬೆಂಗಳೂರಲ್ಲೇ, ಐಐಎಸ್‌ಸಿಯಲ್ಲಿ ನಡೆದದ್ದು. ಹೋಗೋ ಮುಂಚೆ ಕಾರ್ಯಕ್ರಮದ ಪಟ್ಟಿ ನೋಡಿ. "ವರ್ಕ್‌ಶಾಪ್" ಅಂತಿದ್ರೆ ಕಣ್ಣು ಮುಚ್ಚಿ ಹೋಗಿ.

ಈಗ ಲಾಟಿನ ವಿಷಯ. ನೀವು ಸೇವ್ ಮಾಡಿ ಅಲ್ಲೇ ಪೇಜ್ ತೋರಿಸ್ತಿದೀರಿ. ಬ್ರೌಸರ್ ಪಾಲಿಗೆ ಕೊನೇ ಕೆಲಸ ಪೋಸ್ಟ್, ಅಂದ್ರೆ ತುಂಬಿದ ಫಾರ್ಮನ್ನ ಸರ್ವರ್‌ಗೆ ಕಳಿಸೋದು. ರಿಫ್ರೆಶ್ ಒತ್ತಿದ್ರೆ ಅದೇ ಪೋಸ್ಟ್ ಮತ್ತೆ ಹೋಗುತ್ತೆ. ಸೇವ್ ಆದ ಮೇಲೆ ಪಟ್ಟಿ ಪೇಜಿಗೆ ರಿಡೈರೆಕ್ಟ್ ಮಾಡಿ, ಅಂದ್ರೆ ಬ್ರೌಸರ್‌ಗೆ "ಆ ಪೇಜಿಗೆ ಹೋಗು" ಅನ್ನಿ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡಿ: ಪೋಸ್ಟ್ ಎದುರು 302 (ಬೇರೆ ಪೇಜಿಗೆ ಹೋಗು), ಅದರ ಕೆಳಗೆ ಗೆಟ್ 200 (ಪೇಜ್ ಕೇಳಿದ್ದು, ಸಿಕ್ಕಿದ್ದು) ಬಂದ್ರೆ ಸರಿಯಾಯ್ತು.

ಡೇಟಾಬೇಸ್‌ಗೆ ಹೆಸರು ಹಾಕೋ ಸಾಲನ್ನೂ ಇಲ್ಲಿ ಹಾಕಿ, ನೋಡ್ತೀನಿ. ಎಫ್-ಸ್ಟ್ರಿಂಗ್‌ನಲ್ಲಿ (ಪಠ್ಯದ ನಡುವೆ ಹೆಸರನ್ನ ನೇರ ತುಂಬೋ ಪೈಥಾನ್ ವಿಧಾನ) ಎಸ್‌ಕ್ಯೂಎಲ್, ಅಂದ್ರೆ ಡೇಟಾಬೇಸ್‌ಗೆ ಕೊಡೋ ಆದೇಶ, ಜೋಡಿಸಿದ್ರೆ ನಮ್ಮೂರ ಡಿ'ಸೋಜಾ ಒಬ್ಬರು ಬಂದ್ರೂ ಸಾಕು, ಇಂಗ್ಲಿಷಲ್ಲಿ ಹೆಸರು ಬರೆದಾಗ ನಡುವೆ ಬರೋ ಆ ಚಿಹ್ನೆಗೆ ಕ್ವೋಟ್ ಮುಚ್ಚಿ ಕ್ವೆರಿ ಮುರಿದು ಬೀಳುತ್ತೆ. ಕೇಡಿಗನಾದ್ರೆ ಅದೇ ದಾರೀಲಿ ಟೇಬಲ್ಲನ್ನೇ ಓದ್ಕೋತಾನೆ. ನಿಮ್ಮ ಡೇಟಾಬೇಸ್ ಎಸ್‌ಕ್ಯೂಲೈಟ್ ಆದ್ರೆ ಹೆಸರಿನ ಜಾಗದಲ್ಲಿ ? ಇಟ್ಟು ಹೆಸರನ್ನ ಬೇರೆಯಾಗಿ ಕೊಡಿ.

ಮೈಸೂರ್_ಮೌನಿ:
ಮೀಟಪ್ಪೂ ಬೇಡ ಫ್ಲಾಸ್ಕೂ ಬೇಡ. ಪೈಥಾನ್‌ದೇ ಇನ್ನೊಂದು ಸಾಧನ ಜಾಂಗೋ ಹಾಕ್ಕೊಳ್ಳಿ, ಡೇಟಾ ತುಂಬಿ ತಿದ್ದೋ ಅಡ್ಮಿನ್ ಪೇಜ್ ಪುಕ್ಕಟೆ ಸಿಗುತ್ತೆ. ಮಂಡಿಗೆ ಅಷ್ಟೇ ಸಾಕು.

ಕುಡ್ಲದಕ್ಕ:
ಮಂಡಿಗೆ ಸಾಕು, ಒಪ್ಪಿದೆ. ಜಾಂಗೋ ಹುಟ್ಟಿದ್ದೇ ಕ್ಯಾನ್ಸಸ್‌ನ ಒಂದು ಪತ್ರಿಕೆ ಕಚೇರೀಲಿ, ಗಡುವಿನೊಳಗೆ ಸೈಟ್ ಮುಗಿಸೋರಿಗೆ. ಆದ್ರೆ ಇವರು ಕೇಳಿದ್ದು ಕಲಿಯೋಕೆ. ಅಡ್ಮಿನ್ ಪೇಜಲ್ಲಿ ಪೋಸ್ಟ್, ರಿಡೈರೆಕ್ಟ್ ಎಲ್ಲಾ ತೆರೆಮರೆಗೆ ಹೋಗುತ್ತೆ. ಫ್ಲಾಸ್ಕಲ್ಲಿ ಒಂದು ತಿಂಗಳು ಒದ್ದಾಡಿ ಆಮೇಲೆ ಅಲ್ಲಿಗೆ ಹೋಗ್ಲಿ.

ಕಲ್ಪತರು_ನಾಡು:
ಅಕ್ಕಾ, 302 ಬಂತು! ಈಗ ಎಷ್ಟು ರಿಫ್ರೆಶ್ ಒತ್ತಿದ್ರೂ ಒಂದೇ ಲಾಟು. ಎಫ್-ಸ್ಟ್ರಿಂಗೇ ಇತ್ತು, ತೆಗೆದೆ. ಮಂಡೀಲಿ ನಾನು, ನಮ್ಮಣ್ಣ ಇಬ್ಬರೂ ಬಳಸಬೇಕು. ಪಾಸ್‌ವರ್ಡನ್ನ ಟೇಬಲ್ಲಲ್ಲಿ ಇಡಬಹುದಾ?

ಕುಡ್ಲದಕ್ಕ:
ಇದ್ದ ಹಾಗೇ ಇಡಬೇಡಿ. ಫ್ಲಾಸ್ಕ್ ಜೊತೆ ವರ್ಕ್‌ಜಾಯ್ಗ್ (Werkzeug) ಅನ್ನೋ ಲೈಬ್ರರಿ ತಾನಾಗೇ ಬಂದಿರುತ್ತೆ, ಅದರಲ್ಲಿ ಪಾಸ್‌ವರ್ಡ್ ಹ್ಯಾಶ್ ಮಾಡೋಕೆ (ವಾಪಸ್ ಓದೋಕಾಗದ ರೂಪಕ್ಕೆ ತಿರುಗಿಸೋಕೆ) ಒಂದು ಫಂಕ್ಷನ್, ಹೊಂದಿಸಿ ನೋಡೋಕೆ ಇನ್ನೊಂದು ಇದೆ. ಟೇಬಲ್ಲಿಗೆ ಹ್ಯಾಶ್ ಮಾತ್ರ ಹೋಗಲಿ. ಇಷ್ಟು ಮಾಡ್ಕೊಂಡು ಮುಂದಿನ ಮೀಟಪ್‌ಗೆ ಬನ್ನಿ, ಚಾರ್ಜರ್ ಮರೀಬೇಡಿ. ಎಷ್ಟೋ ಸಲ ಯಾವುದಾದ್ರೂ ಕಂಪನಿ ಆಫೀಸಲ್ಲೇ ಮೀಟಪ್ ಇರುತ್ತೆ, ಗೇಟಲ್ಲಿ ಐಡಿ ಕೇಳ್ತಾರೆ.