ಹಿತ್ತಿಲ ಜಗಲಿಗೆ ಬಿಸಿ: ಗ್ಯಾಸೋ, ಕರೆಂಟೋ, ಕೆಂಡವೋ?

ಮಡಿಕೇರಿಯವ:
ಮನೆ ಹಿಂದೆ ಕಲ್ಲು ಹಾಸಿದ ಜಗಲಿ ಇದೆ. ಮೇಲೆ ತಗಡಿನ ಶೀಟು, ಎಂಟಡಿ ಎತ್ತರ. ಮೂರು ಕಡೆ ಬಯಲು, ಕಣಿವೆ ಗಾಳಿ ನೇರ ಒಳಗೇ ಬರುತ್ತೆ. ಎಪ್ಪತ್ತೆಂಟರ ನಮ್ಮತ್ತೆಗೆ ಸಂಜೆ ಅಲ್ಲೇ ಕೂರಬೇಕು, ಒಳಗೆ ಟಿವಿ ಗಲಾಟೆಯಂತೆ. ಡಿಸೆಂಬರಿನಲ್ಲಿ ಏಳು ಗಂಟೆಗೇ ಕೈ ಮರಗಟ್ಟುತ್ತೆ. ಹೋದ ವರ್ಷ ಫ್ಯಾನ್ ಇರೋ ರೂಮ್ ಹೀಟರ್ ತಂದೆ. ಅಂಗಡಿಯೊಳಗೆ ಬೆವರಿಳಿಸಿತ್ತು; ಇಲ್ಲಿ ಅದರ ಬಾಯಿಗೆ ಕೈ ಒಡ್ಡಿದರೆ ಬಿಸಿ, ಎರಡಡಿ ಆಚೆ ಬರೀ ಚಳಿ. ಈಗ ಹೋಟೆಲಿನವರು ಇಡ್ತಾರಲ್ಲ, ಛತ್ರಿ ಥರದ ಗ್ಯಾಸ್ ಹೀಟರ್, ಅದನ್ನ ತಗೊಳ್ಳೋಣ ಅಂತಿದ್ದೀನಿ. ಬಳಸಿದವರು ಹೇಳಿ.

ಹೋಂಸ್ಟೇ ಹುಡುಗ:
ಬೇಡ ಸರ್. ನಮ್ಮಲ್ಲಿ ಎರಡಿವೆ. ಛತ್ರಿಯೇ ಏಳಡಿ ದಾಟುತ್ತೆ, ನಿಮ್ಮ ತಗಡಿನ ಕೆಳಗೆ ಇಡೋ ಹಾಗೇ ಇಲ್ಲ. ಪೂರ್ತಿ ಉರಿಯಲ್ಲಿ ಗಂಟೆಗೆ ಮುಕ್ಕಾಲು ಕೆಜಿ ಮೇಲೇ ಗ್ಯಾಸ್ ಕುಡಿಯುತ್ತೆ. ದಿನಾ ಮೂರು ಗಂಟೆ ಹಚ್ಚಿದರೆ 19 ಕೆಜಿ ಸಿಲಿಂಡರ್ ವಾರ ಬಂದರೆ ಹೆಚ್ಚು. ಬಯಲು ಅಂಗಳ, ಹತ್ತು ಜನ ಗೆಸ್ಟು ಅಂದ್ರೆ ಸರಿ.

ವೈರಿಂಗ್ ಕೆಲಸದವ:
ಫ್ಯಾನ್ ಹೀಟರ್ ಕಾಯಿಸೋದು ಗಾಳೀನ, ಕಾದ ಗಾಳಿ ಕಣಿವೆಗೆ ಹೋಯ್ತು, ಅಷ್ಟೇ. ಇನ್‌ಫ್ರಾರೆಡ್ ತಗೊಳ್ಳಿ. ಬಿಸಿಲಿನ ಹಾಗೆ ನೇರ ಮೈಗೆ ತಾಗುತ್ತೆ. 2000 ವ್ಯಾಟಿನದು ಸಾಕು, ಮೂರು ಗಂಟೆಗೆ ಆರು ಯೂನಿಟ್. ತಗಡಿಗೆ ತಾಗದ ಹಾಗೆ ಗೋಡೆಗೆ ಹೊಡೆದು, ಮುಖ ಅಮ್ಮನ ಕುರ್ಚಿ ಕಡೆ ಓರೆ ಮಾಡಿ. ಮಳೆ ಎರಚಲು ಇರೋದರಿಂದ ಐಪಿ65 (ಧೂಳು, ನೀರು ಒಳಗೆ ಹೋಗದ ದರ್ಜೆ) ಇರೋದನ್ನೇ ನೋಡಿ. 16 ಆಂಪ್ಸ್ ಸಾಕೆಟ್, ಬೋರ್ಡಿನಿಂದ ಬೇರೆ ವೈರ್. ಎಕ್ಸ್‌ಟೆನ್ಷನ್ ಬಾಕ್ಸಿಗೆ ಮಾತ್ರ ಚುಚ್ಚಬೇಡಿ. ಹೋದ ತಿಂಗಳಷ್ಟೇ ಕರಗಿ ಅಂಟಿಕೊಂಡಿದ್ದೊಂದನ್ನ ಸ್ಕ್ರೂಡ್ರೈವರಲ್ಲಿ ಕಿತ್ತೆ.

ಸೋಮವಾರಪೇಟೆ ತೋಟದವ:
ಕರೆಂಟ್ ಹೋದ ದಿನ ಏನ್ಮಾಡ್ತೀರಿ? ಕಬ್ಬಿಣದ ಬಾಣಲೇಲಿ ಕೆಂಡ ಇಡಿ. ಸಿಲ್ವರ್ ಓಕ್ ಭರ್ರಂತ ಉರಿದು ಬೂದಿಯಾಗುತ್ತೆ. ಹಳೇ ಕಾಫಿ ಗಿಡದ ಬುಡ ಚೆನ್ನಾಗಿ ಒಣಗಿಸಿ ಹಾಕಿ, ಊಟದವರೆಗೂ ಕೆಂಡ ನಿಲ್ಲುತ್ತೆ. ಮಲಗೋವಾಗ ಅದನ್ನ ಕೋಣೆಗೆ ಒಯ್ಯಬೇಡಿ ಮಾತ್ರ. ಹೊಗೆ ಇಲ್ಲ ಅಂತ ಮೋಸ ಹೋಗ್ತಾರೆ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಮೂಗಿಗೆ ತಿಳಿಯಲ್ಲ.

ಮಡಿಕೇರಿಯವ:
ಗ್ಯಾಸ್ ಕೈಬಿಟ್ಟೆ. ಗೋಡೆಗೆ ಇನ್‌ಫ್ರಾರೆಡ್, ಕರೆಂಟ್ ಹೋದರೆ ಬಾಣಲೆ. ಕಣಿವೆ ಕಡೆಗೆ ಒಂದು ಟಾರ್ಪಾಲೂ ಇಳಿಬಿಡ್ತೀನಿ, ಅದು ಮೊದಲೇ ಹೊಳೀಬೇಕಿತ್ತು. ಅತ್ತೆಗೆ ಎಲ್ಲಾ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: "ಆ ಕೆಂಪು ದೀಪದಲ್ಲಿ ಗೆಣಸು ಸುಡಕ್ಕೆ ಆಗುತ್ತಾ?"