ಗಿರಿ ಇಳಿವಾಗ ಬ್ರೇಕ್ ಪೆಡಲ್ ಮೆತ್ತಗಾಗಿದ್ದು ಯಾಕೆ?

ಪ್ರಶ್ನೆ (ಹಾಸನ): ಅಣ್ಣ ನಮಸ್ತೆ, ಭಾನುವಾರ ಐದು ಜನ ಮುಳ್ಳಯ್ಯನಗಿರಿಗೆ ಹೋಗಿದ್ವಿ, ಇಳಿವಾಗ ನಮ್ಮೆಜಮಾನ್ರು ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಬರೀ ಬ್ರೇಕಲ್ಲೇ ಇಳಿಸಿದ್ರು, ಅರ್ಧ ದಾರಿಗೆ ಸುಟ್ಟ ವಾಸನೆ, ಆಮೇಲೆ ಪೆಡಲ್ ತುಳಿದ್ರೆ ಸ್ಪಂಜ್ ತರ ಒಳಗೇ ಹೋಗ್ತಿತ್ತು. ಹೇಗೋ ನಿಲ್ಸಿ ಮುಕ್ಕಾಲು ಗಂಟೆ ಬಿಟ್ಟಿದ್ದಕ್ಕೆ ತಾನೇ ಸರಿಹೋಯ್ತು. ಗ್ಯಾರೇಜಲ್ಲಿ ಪ್ಯಾಡ್ ಚೆನ್ನಾಗಿದೆ ಅಂದ್ರು. ಜನ ಜಾಸ್ತಿ ಆಗಿದ್ದಕ್ಕಾ?

ಉತ್ತರ (ಚಿಕ್ಕಮಗಳೂರು, ಗ್ಯಾರೇಜ್): ಅಕ್ಕ, ಬ್ರೇಕ್ ಆಯಿಲ್ ಕುದ್ದಿದೆ ಅಷ್ಟೇ. ಅದು ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ, ನಮ್ಮೂರ ಮಳೆ ಗೊತ್ತಲ್ಲ. ಡಾಟ್ 3 ಅನ್ನೋ ದರ್ಜೆ ಆಯಿಲ್ ಹೊಸದಾದ್ರೆ 205 ಡಿಗ್ರಿ ತಡೆಯುತ್ತೆ, ನೀರು ಸೇರಿದ್ಮೇಲೆ 140ಕ್ಕೇ ಕುದಿಯಬಹುದು. ಕುದಿದ್ರೆ ಪೈಪಲ್ಲಿ ಆವಿ ಗುಳ್ಳೆ, ಆಯಿಲ್ ಅಮುಕಿದ್ರೆ ಕುಗ್ಗಲ್ಲ ಆದ್ರೆ ಗುಳ್ಳೆ ಕುಗ್ಗುತ್ತೆ, ನೀವು ತುಳಿದಿದ್ದೆಲ್ಲ ಅದಕ್ಕೇ ಹೋಯ್ತು. ತಣ್ಣಗಾದ್ಮೇಲೆ ಆವಿ ಮತ್ತೆ ಆಯಿಲ್, ಅದಕ್ಕೇ ತಾನೇ ಸರಿಹೋಗಿದ್ದು.

ಲೆಕ್ಕ ನೋಡಿ: ಜನ ಸೇರಿ 1500 ಕೆಜಿ ಗಾಡಿ 700 ಮೀಟರ್ ಎತ್ತರದಿಂದ ಇಳಿದ್ರೆ ಬರೋ ಶಕ್ತಿಯಲ್ಲಿ 30 ಲೀಟರ್ ನೀರು ಕಾಯಿಸಿ ಕುದಿಯೋ ಹಂತಕ್ಕೆ ತರಬಹುದು, ಗಾಳಿ ಟೈರು ಒಂಚೂರು ತಿನ್ನುತ್ತೆ, ಮಿಕ್ಕಿದ್ದೆಲ್ಲ ಆ ಪುಟ್ಟ ಡಿಸ್ಕ್ ಮೇಲೇ ಬಿತ್ತು. ಎರಡನೇ ಗೇರಲ್ಲಿ ಇಳಿಸಿದ್ರೆ ಎಂಜಿನ್ನೇ ತಡೀತಿತ್ತು. ಪೆಟ್ರೋಲ್ ವಿಷ್ಯ ಯಜಮಾನ್ರಿಗೆ ಹೇಳಿ (ಬೈಬೇಡಿ!), ಈಗಿನ ಇಂಜೆಕ್ಷನ್ ಗಾಡಿ ಗೇರಲ್ಲಿ ಇಳಿವಾಗ ಪೆಟ್ರೋಲನ್ನೇ ಕಟ್ ಮಾಡುತ್ತೆ, ನ್ಯೂಟ್ರಲಲ್ಲೇ ಕುಡಿಯೋದು.

ಇನ್ನೊಬ್ರು: ಹಾಗಾದ್ರೆ ಐದು ಜನ ಇದ್ರೆ ಗಾಡಿ ನಿಲ್ಲೋಕೂ ಜಾಸ್ತಿ ದೂರ ಬೇಕಲ್ವಾ ಸರ್?

ಉತ್ತರ: ಎಲ್ರೂ ಹಂಗೇ ಅನ್ಕೊಳ್ಳೋದು. ಭಾರ ಹೆಚ್ಚಾದ್ರೆ ಟೈರ್ ರೋಡನ್ನ ಒತ್ತೋದೂ ಅಷ್ಟೇ ಹೆಚ್ಚು, ಹಿಡಿತಾನೂ ಹೆಚ್ಚು, ಸಮ ಆಗೋಗುತ್ತೆ, ಬ್ರೇಕ್ ತಣ್ಣಗೆ ಚೆನ್ನಾಗಿದ್ರೆ ಮಾತ್ರ. ಭಾರ ಕಾಡೋದು ಬಿಸಿಯಲ್ಲಿ. ದೂರ ಏರಿಸೋದು ಸ್ಪೀಡು. ಒಣ ಟಾರ್ ರೋಡಲ್ಲಿ 40ಕ್ಕೆ ಬ್ರೇಕ್ ಒತ್ತಿದ್ರೆ ಸುಮಾರು 9 ಮೀಟರ್, 80ಕ್ಕೆ 18 ಅಲ್ಲ, 36. ಒದ್ದೆ ರೋಡಾದ್ರೆ 60 ದಾಟಬಹುದು. ಕಾಲು ಪೆಡಲಿಗೆ ಹೋಗೋ ಒಂದು ಸೆಕೆಂಡಲ್ಲಿ ಓಡೋ 22 ಮೀಟರ್ ಬೇರೆ. ಬೇಲೂರು ರೋಡಲ್ಲಿ ಮಳೆಗಾಲದಲ್ಲೂ ಬಸ್ಸಿನ ಬಾಲ ಹಿಡ್ಕೊಂಡು ಹೋಗೋರ್ನ ನೋಡಿದ್ರೆ ನಂಗೇ ಕಾಲು ನಡುಗುತ್ತೆ.

ಪ್ರಶ್ನೆ ಕೇಳಿದವರು: ಯಜಮಾನ್ರಿಗೆ ಓದಿ ಹೇಳ್ದೆ, ಮಾತೇ ಇಲ್ಲ. ಈಗೇನು ಮಾಡ್ಸೋದು ಅಣ್ಣ?

ಉತ್ತರ: ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕ್ಸಿ, ಬುಕ್ಕಲ್ಲಿ ಡಾಟ್ ಎಷ್ಟು ಅಂತಿದೆಯೋ ಅದೇ, ಸೀಲ್ ನಿಮ್ಮೆದುರೇ ಒಡೀಲಿ. ಆಮೇಲೆ ಎರಡು ವರ್ಷಕ್ಕೊಂದ್ಸಲ.