ಜರ್ಮನಿಗೆ ಷೆಂಗೆನ್ ವೀಸಾದಲ್ಲಿ ಹೋಗಿ, ಅಲ್ಲೇ ಲಾಂಗ್ ಸ್ಟೇ ವೀಸಾ ಮಾಡಿಸಬಹುದಾ?

ಮಳೆಹನಿ
ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಇಯು ಬ್ಲೂ ಕಾರ್ಡ್ (ಓದಿರುವ ಉದ್ಯೋಗಿಗಳಿಗೆ ಕೊಡೋ ಕೆಲಸದ ಪರ್ಮಿಟ್) ಮೇಲೆ ಜರ್ಮನಿಗೆ ಹೋಗಿ ಎರಡು ತಿಂಗಳಾಯಿತು. ನಾನು, ನಾಲ್ಕು ವರ್ಷದ ಮಗಳು ಇನ್ನೂ ಇಲ್ಲೇ ಇದ್ದೇವೆ. ಫ್ಯಾಮಿಲಿ ವೀಸಾಗೆ ತಿಂಗಳುಗಟ್ಟಲೆ ಕಾಯಬೇಕು, ಅದಕ್ಕಿಂತ ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡಿ, ಆಮೇಲೆ ಅಲ್ಲೇ ಬದಲಾಯಿಸಿಕೊಳ್ಳಬಹುದು ಅಂತ ಪರಿಚಯದವರೊಬ್ಬರು ಹೇಳಿದರು. ನಿಜವಾ? ಮಗಳು ದಿನಾ ವಿಡಿಯೋ ಕಾಲ್ ಮುಗಿದ ಮೇಲೆ ಫೋನ್ ತಿರುಗಿಸಿ ಹಿಂಭಾಗ ನೋಡುತ್ತಾಳೆ, ಅಪ್ಪ ಅಲ್ಲಿದ್ದಾರೇನೋ ಅಂತ. ಬೇಗ ಹೋಗಬೇಕು ಅನ್ನೋದು ಅದಕ್ಕೇ.

ಇನ್ನೆರಡು ಪ್ರಶ್ನೆ. ನನಗೆ ಜರ್ಮನ್ ಭಾಷೆಯ ಮೊದಲ ಹಂತದ ಎ1 ಪರೀಕ್ಷೆ ಬೇಕಾ? ಮದುವೆ ಸರ್ಟಿಫಿಕೇಟ್‌ನಲ್ಲಿ ನನ್ನ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ತೊಂದರೆ ಆಗುತ್ತಾ?

ಗಂಟುಮೂಟೆ
ದಯವಿಟ್ಟು ಟೂರಿಸ್ಟ್ ವೀಸಾ ದಾರಿ ಹಿಡಿಯಬೇಡಿ. ಅದು ಷೆಂಗೆನ್ ವೀಸಾ, ಅಂದರೆ ಯುರೋಪಿಗೆ ಸ್ವಲ್ಪ ದಿನ ಹೋಗಿಬರೋ ವೀಸಾ, 180 ದಿನಗಳಲ್ಲಿ 90 ದಿನ ಇರೋದಕ್ಕೆ ಮಾತ್ರ. ಅಲ್ಲಿ ರೆಸಿಡೆನ್ಸ್ ಪರ್ಮಿಟ್ ಕೇಳುವಾಗ, ಬಂದಿದ್ದೇ ಸರಿಯಾದ ವೀಸಾದಲ್ಲಾ ಅಂತ ನೋಡುತ್ತಾರೆ. ನೀವು ಮೊದಲೇ ಮದುವೆಯಾದವರು, ಅಲ್ಲಿ ನೆಲೆಸೋಕೇ ಹೋಗುತ್ತಿರೋದು. ಹಾಗಾಗಿ ವಾಪಸ್ ಹೋಗಿ ಡಿ ವೀಸಾ (ಲಾಂಗ್ ಸ್ಟೇ ವೀಸಾ) ತೆಗೆದುಕೊಂಡು ಬನ್ನಿ ಅನ್ನೋ ಉತ್ತರವೇ ಸಾಮಾನ್ಯವಾಗಿ ಸಿಗೋದು. ಅದೂ ಅಲ್ಲದೆ, ಇರೋದಕ್ಕೆ ಹೋಗುತ್ತಾ ಪ್ರವಾಸ ಅಂತ ಅರ್ಜಿಯಲ್ಲಿ ಬರೆದರೆ ಅದು ಸುಳ್ಳು ಮಾಹಿತಿ, ಮುಂದಿನ ಅರ್ಜಿಗೂ ಏಟು ಬೀಳುತ್ತೆ.

ಅಮೆರಿಕ, ಕೆನಡಾ, ಜಪಾನ್, ಆಸ್ಟ್ರೇಲಿಯಾ ತರಹ ಕೆಲವು ದೇಶದವರು ವೀಸಾ ಇಲ್ಲದೆ ಹೋಗಿ ಅಲ್ಲೇ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಅವರು ಬರೆದದ್ದನ್ನು ಓದಿ ನಮ್ಮವರು ನಮಗೂ ಹಾಗೇ ಅಂದುಕೊಳ್ಳುತ್ತಾರೆ. ಭಾರತದ ಪಾಸ್‌ಪೋರ್ಟ್‌ಗೆ ಆ ಸೌಲಭ್ಯ ಇಲ್ಲ.

ಡಿ ವೀಸಾ ಶುಲ್ಕ ದೊಡ್ಡವರಿಗೆ 75 ಯೂರೋ, 18 ತುಂಬದವರಿಗೆ 37.50. ಎ1 ನಿಮಗೆ ಬೇಡ, ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ಆ ಷರತ್ತು ಇಲ್ಲ. ಅದಕ್ಕೆ ಸಾಕ್ಷಿಯಾಗಿ ಗಂಡನ ಕಾರ್ಡ್‌ನ ಎರಡೂ ಬದಿಯ ಕಾಪಿ ಇಡಿ, ಒಂದೇ ಬದಿ ಹಾಕಿ ಕಳಿಸೋರು ಜಾಸ್ತಿ. ಭಾಷೆ ಮಾತ್ರ ಈಗಿಂದಲೇ ಸ್ವಲ್ಪ ಕಲಿಯಿರಿ. ಮಗುವನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ ಮೊದಲ ದಿನವೇ ಅದರ ಬೆಲೆ ಗೊತ್ತಾಗುತ್ತೆ.

ಹಾದಿಬದಿ
ಹೆಸರಿನ ವಿಷಯ ನಾನು ಅನುಭವಿಸಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನದೂ ಹೀಗೇ ಇತ್ತು. ಮದುವೆ ಸರ್ಟಿಫಿಕೇಟ್‌ನಲ್ಲಿ ಹೆಸರು, ಕೊನೆಗೆ ಒಂದು 'ಕೆ'. ಪಾಸ್‌ಪೋರ್ಟ್‌ನಲ್ಲಿ ಆ 'ಕೆ' ಬಿಡಿಸಿ ಸರ್‌ನೇಮ್ ಜಾಗದಲ್ಲಿ ಕೂತಿತ್ತು. ನಮಗೆ ಇನಿಷಿಯಲ್ ಅಂದರೆ ಏನು ಅಂತ ಹೇಳಿ ತಿಳಿಸಬೇಕಾಗಿಲ್ಲ, ಆದರೆ ಬೇರೆ ದೇಶದಲ್ಲಿ ಫೈಲ್ ನೋಡುವವರಿಗೆ ಅದು ಎರಡು ಬೇರೆ ಹೆಂಗಸರ ಹೆಸರು. ಇಬ್ಬರೂ ಒಬ್ಬರೇ ಅಂತ ನಾನು ಒಂದು ಅಫಿಡವಿಟ್ ಮಾಡಿಸಿ ಇಟ್ಟೆ. ಸಾಕಾಗಲಿಲ್ಲ. ಕೊನೆಗೆ ಮದುವೆ ನೋಂದಣಿ ಮಾಡಿದ ಕಡೆಗೇ ಹೋಗಿ ಸರ್ಟಿಫಿಕೇಟ್ ತಿದ್ದಿಸಿ ಮತ್ತೆ ಕೊಟ್ಟೆ. ಏಳು ವಾರ ಹೋಯಿತು. ಆ ಏಳು ವಾರ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ. ನೀವು ಅರ್ಜಿ ಹಾಕುವ ಮೊದಲೇ ಈ ಕೆಲಸ ಮುಗಿಸಿ.

ಮೊದಲು ವೀಸಾ ತಿರಸ್ಕಾರವಾದರೆ ರಿಮಾನ್‌ಸ್ಟ್ರೇಷನ್ ಅಂತ ರಾಯಭಾರ ಕಚೇರಿಗೇ ಪತ್ರ ಬರೆದು ಮತ್ತೆ ಪರಿಶೀಲಿಸಿ ಅನ್ನಬಹುದಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಅದಕ್ಕೇ ಮೊದಲ ಸಲವೇ ಕಾಗದಪತ್ರ ಸರಿಯಾಗಿರಲಿ ಅಂತ ಇಷ್ಟು ಒತ್ತಿ ಹೇಳುತ್ತಿರೋದು.

ನೀಲಿಛತ್ರಿ
ಮೇಲಿನವರು ಹೇಳಿದ್ದೆಲ್ಲ ಸರಿ. ಅರ್ಜಿಯನ್ನು ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಸರ್ವೀಸಸ್ ಪೋರ್ಟಲ್‌ನಲ್ಲಿ ಹಾಕಬಹುದು, 2025ರ ಜನವರಿಯಿಂದ ಎಲ್ಲ ಕಡೆ ಬಂದಿದೆ. ಬೆರಳಚ್ಚಿಗೆ ಮಾತ್ರ ಖುದ್ದಾಗಿ ಹೋಗಲೇಬೇಕು.

ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಅದರಲ್ಲಿ ಅಂಟಿಸಿರುವ ವೀಸಾ ಸ್ಟಿಕರ್ ಓದಿ. ಖುಷಿಯಲ್ಲಿ ಫೋಟೋ ತೆಗೆದು ಗಂಡನಿಗೆ ಕಳಿಸೋದು ಆಮೇಲೆ. ಹೆಸರಿನ ಅಕ್ಷರ, ಪಾಸ್‌ಪೋರ್ಟ್ ನಂಬರ್, ಯಾವತ್ತಿನಿಂದ ಯಾವತ್ತಿನವರೆಗೆ ಅನ್ನೋ ತಾರೀಖು ನೋಡಿ. ಕೆಳಗಡೆ ಷರಾ ಬರೆಯುವ ಜಾಗದಲ್ಲಿ 'ಎರ್ವೆರ್ಬ್ಸ್‌ಟೇಟಿಖ್‌ಕೈಟ್ ಎರ್‌ಲೌಬ್ಟ್' ಅಂತಿರುತ್ತೆ, ಅಂದರೆ ನೀವೂ ಕೆಲಸ ಮಾಡಬಹುದು ಅಂತ. ತಪ್ಪಿದ್ದರೆ ಹೊರಡುವ ಮುಂಚೆಯೇ ಸರಿ ಮಾಡಿಸಿ.

ಹೋದ ಮೇಲೆ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಗಂಡನಿಗೆ ಈಗಲೇ ಹೇಳಿ ತೆಗೆದಿಡಿಸಿ. ವೀಸಾ ಅವಧಿ ಮುಗಿಯುವ ಮೊದಲೇ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಮದುವೆ ಸರ್ಟಿಫಿಕೇಟ್, ಮಗಳ ಜನನ ಪ್ರಮಾಣಪತ್ರ ಎರಡರ ಮೂಲ ಪ್ರತಿಯೂ ಕೈಚೀಲದಲ್ಲೇ ಇರಲಿ. ಚೆಕ್ ಇನ್ ಬ್ಯಾಗ್‌ಗೆ ಹಾಕಬೇಡಿ.

ಮಳೆಹನಿ
ತುಂಬಾ ಥ್ಯಾಂಕ್ಸ್. ಷೆಂಗೆನ್ ಯೋಚನೆ ಬಿಟ್ಟೆ, ಗಂಡನಿಗೂ ಹೇಳಿದೆ. ಕಾರ್ಡ್‌ನ ಹಿಂಬದಿ ಫೋಟೋ ಈಗ ತಾನೇ ಕಳಿಸಿದರು. ನಾಳೆ ಬೆಳಿಗ್ಗೆ ಸರ್ಟಿಫಿಕೇಟ್ ತಿದ್ದಿಸೋಕೆ ಹೋಗುತ್ತಿದ್ದೇನೆ. ಈಗ ತೆಗೆದು ನೋಡಿದರೆ ಮಗಳ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರಿಗೆ ಇನಿಷಿಯಲ್ಲೇ ಇಲ್ಲ. ಅದನ್ನೂ ತಿದ್ದಿಸಬೇಕಾ?

ಹಾದಿಬದಿ
ಹೌದು, ಅದನ್ನೂ ತಿದ್ದಿಸಿ. ಮೂರು ಕಡೆಯೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರಲಿ. ಹೋಗುವಾಗ ನಿಮ್ಮ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡೂ ತೆಗೆದುಕೊಂಡು ಹೋಗಿ, ನನಗೆ ಅದನ್ನು ಕೇಳಿದ್ದರು.